ಟ್ರ್ಯಾಕ್‌ಬ್ಯಾಕ್ ಮತ್ತು ರೆಫರಲ್ ಕೊಂಡಿ

ಟ್ರ್ಯಾಕ್‌ಬ್ಯಾಕ್ ಮತ್ತು ರೆಫರಲ್ ಕೊಂಡಿ ಎಂಬವು, ಒಂದು ಜಾಲಪುಟಕ್ಕೆ ಬೇರೆ ಯಾವ ಪುಟಗಳು ಕೊಂಡಿ ಕೊಟ್ಟಿವೆ ಮತ್ತು ಆ ಕೊಂಡಿಗಳನ್ನು ಹಿಡಿದು ಓದುಗರು ಎಲ್ಲಿಂದ ಬಂದರು ಎಂಬುದನ್ನು ಕೊಂಡಿ ಪಡೆದ ಜಾಲತಾಣಕ್ಕೆ ತಿಳಿಸುವ ಎರಡು ಬೇರೆ ಬೇರೆ ಏರ್ಪಾಡುಗಳು. ಒಂದು ತಾಣದ ಬರಹವು ಇನ್ನೊಂದು ತಾಣದ ಬರಹವನ್ನು ಉಲ್ಲೇಖಿಸಿದಾಗ, ಉಲ್ಲೇಖಿಸಿದ ತಾಣದ ಸರ್ವರ್ ಉಲ್ಲೇಖಗೊಂಡ ತಾಣದ ಸರ್ವರಿಗೆ ಕಳಿಸುವ ಸೂಚನೆಯೇ ಟ್ರ್ಯಾಕ್‌ಬ್ಯಾಕ್. ಓದುಗ ಒತ್ತಿದ ಕೂಡಲೇ ಅವನು ಹೊರಟ ಜಾಗದ ಗುರುತನ್ನು ಗುರಿಯ ತಾಣಕ್ಕೆ ಮುಟ್ಟಿಸುವ ಕೊಂಡಿ ರೆಫರಲ್ ಕೊಂಡಿ. ಮೊದಲನೆಯದು ಬರೆದವರ ಕ್ರಿಯೆಯಿಂದ ಹುಟ್ಟುತ್ತದೆ, ಎರಡನೆಯದು ಓದುವವರ ಕ್ರಿಯೆಯಿಂದ. ಆದ್ದರಿಂದ ಹತ್ತಾರು ಟ್ರ್ಯಾಕ್‌ಬ್ಯಾಕ್ ಪಡೆದ ಪುಟಕ್ಕೆ ಆ ದಾರಿಯಲ್ಲಿ ಒಬ್ಬ ಓದುಗನೂ ಬಾರದೆ ಇರಬಹುದು. ಒಂದೂ ಟ್ರ್ಯಾಕ್‌ಬ್ಯಾಕ್ ಇಲ್ಲದ ಪುಟಕ್ಕೆ ಒಂದೇ ರೆಫರಲ್ ಕೊಂಡಿಯಿಂದ ಸಾವಿರಾರು ಮಂದಿ ಬರಬಹುದು. ಸಂದರ್ಶಕರ ಲೆಕ್ಕ ನೋಡುವವರು ಈ ಎರಡನ್ನೂ ಒಂದೇ ಎಂದು ಎಣಿಸುವುದರಿಂದಲೇ ಹೆಚ್ಚಿನ ಗೊಂದಲಗಳು ಹುಟ್ಟುತ್ತವೆ.

ಈ ಲೇಖನದಲ್ಲಿ ಕೊಂಡಿ ಇರುವ ಪುಟವನ್ನು ಮೂಲಪುಟ ಎಂದೂ, ಕೊಂಡಿ ತೋರಿಸುವ ಪುಟವನ್ನು ಗುರಿಪುಟ ಎಂದೂ, ಗುರಿಪುಟದ ಕಡೆಯಿಂದ ನೋಡಿದಾಗ ಆ ಕೊಂಡಿಯನ್ನೇ ಬ್ಯಾಕ್‌ಲಿಂಕ್ ಎಂದೂ ಕರೆಯಲಾಗಿದೆ. ಬ್ಯಾಕ್‌ಲಿಂಕ್ ಬಂದಿರುವ ಸಂಗತಿಯನ್ನು ಗುರಿಪುಟಕ್ಕೆ ತಿಳಿಸುವ ಎಲ್ಲ ವಿಧಾನಗಳಿಗೂ ಸಾಮಾನ್ಯವಾದ ಹೆಸರು ಲಿಂಕ್‌ಬ್ಯಾಕ್. ಟ್ರ್ಯಾಕ್‌ಬ್ಯಾಕ್ ಅದರಲ್ಲಿ ಒಂದು ಬಗೆ.

ಹಿನ್ನೆಲೆ

ಜಾಲದ ಕೊಂಡಿ ಏಕಮುಖವಾದುದು. ಮೂಲಪುಟದಲ್ಲಿ ಗುರಿಪುಟದ ವಿಳಾಸ ಬರೆದಿರುತ್ತದೆಯೇ ಹೊರತು, ಗುರಿಪುಟದಲ್ಲಿ ಮೂಲಪುಟದ ಬಗ್ಗೆ ಯಾವ ದಾಖಲೆಯೂ ಉಂಟಾಗುವುದಿಲ್ಲ. 1960ರ ದಶಕದಲ್ಲಿ ಹೈಪರ್‌ಟೆಕ್ಸ್ಟ್ ಎಂಬ ಪದವನ್ನು ಬಳಕೆಗೆ ತಂದ ಟೆಡ್ ನೆಲ್ಸನ್ ತಮ್ಮ ಕ್ಸನಾಡು ಯೋಜನೆಯಲ್ಲಿ ಎರಡೂ ಕಡೆಯಿಂದ ಕಾಣುವ ಕೊಂಡಿಗಳನ್ನು ಕಲ್ಪಿಸಿದ್ದರು. ಸರ್ನ್ ಪ್ರಯೋಗಾಲಯದಲ್ಲಿ 1989ರಲ್ಲಿ ಜಾಲದ ಪ್ರಸ್ತಾವವನ್ನು ಮುಂದಿಟ್ಟ ಟಿಮ್ ಬರ್ನರ್ಸ್-ಲೀ ಹಾಗೆ ಮಾಡಲಿಲ್ಲ. ಇಮ್ಮುಖದ ಕೊಂಡಿಗೆ ಎರಡೂ ತಾಣಗಳ ಸಹಕಾರ ಬೇಕು, ಎಲ್ಲ ಕೊಂಡಿಗಳ ದಾಖಲೆ ಇಡುವ ಕೇಂದ್ರ ವ್ಯವಸ್ಥೆಯೂ ಬೇಕಾಗಬಹುದು. ಏಕಮುಖದ ಕೊಂಡಿಯಾದರೆ ಯಾರು ಯಾರಿಗೆ ಬೇಕಾದರೂ ಅನುಮತಿ ಕೇಳದೆ ಕೊಂಡಿ ಕೊಡಬಹುದು. ಜಾಲವು ಅಷ್ಟು ವೇಗವಾಗಿ ಹರಡಲು ಈ ಸರಳತೆ ಮುಖ್ಯ ಕಾರಣವಾಯಿತು. ಗುರಿಪುಟ ಅಳಿದುಹೋದಾಗ 404 ಎಂಬ ದೋಷಸೂಚನೆ ಕಾಣಿಸುವುದು ಇದೇ ಸರಳತೆಯ ಇನ್ನೊಂದು ಮುಖ, ತನ್ನನ್ನು ಯಾರು ಉಲ್ಲೇಖಿಸಿದ್ದಾರೆ ಎಂಬುದು ಬರಹಗಾರನಿಗೆ ತಿಳಿಯದೇ ಹೋಗುವುದು ಮತ್ತೊಂದು. ಟ್ರ್ಯಾಕ್‌ಬ್ಯಾಕ್, ಪಿಂಗ್‌ಬ್ಯಾಕ್, ರೆಫರರ್ ದಾಖಲೆ, ವೆಬ್‌ಮೆನ್ಷನ್ ಇವೆಲ್ಲವೂ ಏಕಮುಖದ ಕೊಂಡಿಗೆ ಹಿಂದಿನಿಂದ ಕಣ್ಣು ಕೊಡಲು ನಡೆದ ಬೇರೆ ಬೇರೆ ಪ್ರಯತ್ನಗಳು.

ಈ ಪ್ರಯತ್ನಗಳಲ್ಲಿ ಮೊದಲನೆಯದು ಜಾಲದ ಮೂಲ ಸಂವಹನ ನಿಯಮವಾದ ಎಚ್‌ಟಿಟಿಪಿಯ ಒಳಗೇ ಸೇರಿಕೊಂಡಿತು. ಬ್ರೌಸರ್ ಒಂದು ಪುಟವನ್ನು ಕೇಳುವಾಗ, ಯಾವ ಪುಟದಲ್ಲಿದ್ದ ಕೊಂಡಿಯನ್ನು ಒತ್ತಿ ಈ ಕೋರಿಕೆ ಹುಟ್ಟಿತು ಎಂಬುದನ್ನು ಕೋರಿಕೆಯ ತಲೆಬರಹದ ಒಂದು ಸಾಲಿನಲ್ಲಿ ತಿಳಿಸುವ ಕ್ರಮವನ್ನು ಫಿಲಿಪ್ ಹ್ಯಾಲಂ-ಬೇಕರ್ ಸೂಚಿಸಿದರು. ರೆಫರರ್ ಎಂಬ ಈ ಸಾಲು 1996ರ ಮೇ ತಿಂಗಳಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.0ರ ವಿವರಣೆಯಾದ ಆರ್‌ಎಫ್‌ಸಿ 1945ರಲ್ಲಿ ದಾಖಲಾಯಿತು. ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಬಿಟ್ಟುಹೋದ ರೂಪದಲ್ಲೇ ಅದು ನಿಂತುಬಿಟ್ಟದ್ದರಿಂದ ಇಂದಿಗೂ ತಂತ್ರಾಂಶಗಳಲ್ಲಿ ಆ ರೂಪವನ್ನೇ ಬಳಸಬೇಕಾಗಿದೆ. ಬ್ಯಾಕ್‌ಲಿಂಕ್‌ಗಳ ಪಟ್ಟಿ ತಯಾರಿಸುವುದು ಮತ್ತು ಹಳತಾದ ಅಥವಾ ತಪ್ಪಾಗಿ ಟೈಪಾದ ಕೊಂಡಿಗಳನ್ನು ಪತ್ತೆಹಚ್ಚುವುದು ಈ ಸಾಲಿನ ಉದ್ದೇಶಗಳೆಂದು ಆ ದಾಖಲೆಯೇ ಹೇಳುತ್ತದೆ. ಜಾಹೀರಾತಿನ ಲೆಕ್ಕ, ಮಾರಾಟದ ಲೆಕ್ಕ ಅದರ ಮೇಲೆ ನಿಂತದ್ದು ಆಮೇಲೆ.

ಟ್ರ್ಯಾಕ್‌ಬ್ಯಾಕಿನ ಉಗಮ ಮತ್ತು ರಚನೆ

ಟ್ರ್ಯಾಕ್‌ಬ್ಯಾಕನ್ನು ರೂಪಿಸಿದ್ದು ಅಮೆರಿಕದ ಸಿಕ್ಸ್ ಅಪಾರ್ಟ್ ಸಂಸ್ಥೆ. ಬೆನ್ ಟ್ರಾಟ್ ಮತ್ತು ಮೀನಾ ಟ್ರಾಟ್ ದಂಪತಿ ಕಟ್ಟಿದ ಈ ಸಂಸ್ಥೆಯ ಮೂವಬಲ್ ಟೈಪ್ ಎಂಬ ಬ್ಲಾಗ್ ತಂತ್ರಾಂಶದ 2.2ನೇ ಆವೃತ್ತಿಯಲ್ಲಿ, 2002ರ ಆಗಸ್ಟ್‌ನಲ್ಲಿ, ಈ ಸೌಲಭ್ಯ ಮೊದಲು ಕಾಣಿಸಿಕೊಂಡಿತು. ಬೇರೆ ತಂತ್ರಾಂಶಗಳೂ ಅಳವಡಿಸಿಕೊಳ್ಳಲೆಂದು ಅದರ ನಿಯಮಗಳನ್ನು ಬಹಿರಂಗವಾಗಿ ಪ್ರಕಟಿಸಲಾಯಿತು. ಒಬ್ಬರ ಬರಹಕ್ಕೆ ಇನ್ನೊಬ್ಬರು ಪ್ರತಿಕ್ರಿಯಿಸಬೇಕೆಂದರೆ ಅವರ ಪುಟದ ಕೆಳಗಿನ ಟಿಪ್ಪಣಿಪೆಟ್ಟಿಗೆಯಲ್ಲೇ ಬರೆಯಬೇಕಾಗಿದ್ದ ಕಾಲದಲ್ಲಿ, ಪ್ರತಿಕ್ರಿಯೆಯನ್ನು ತಮ್ಮ ತಾಣದಲ್ಲೇ ದೀರ್ಘವಾಗಿ ಬರೆದು ಅದರ ಸುಳಿವನ್ನು ಮಾತ್ರ ಮೂಲ ಬರಹದ ಕೆಳಗೆ ಕಾಣಿಸುವ ದಾರಿಯನ್ನು ಇದು ತೆರೆಯಿತು. ಬರಹ ಬರೆದವರ ಒಡೆತನದಲ್ಲೇ ಉಳಿದು, ಚರ್ಚೆಯ ಎಳೆ ಮಾತ್ರ ತಾಣದಿಂದ ತಾಣಕ್ಕೆ ಸಾಗಿತು. ಬ್ಲಾಗುಗಳ ನಡುವೆ ಒಂದು ಸಂವಾದದ ಸಂಸ್ಕೃತಿ ಬೆಳೆಯುವುದಕ್ಕೆ ಈ ಅಂಶ ನೆರವಾಯಿತು.

ರಚನೆಯಲ್ಲಿ ಟ್ರ್ಯಾಕ್‌ಬ್ಯಾಕ್ ಬಹಳ ಸರಳ. ಟ್ರ್ಯಾಕ್‌ಬ್ಯಾಕ್ ಸ್ವೀಕರಿಸುವ ಪ್ರತಿ ಬರಹಕ್ಕೂ, ಅದರ ಸಾಮಾನ್ಯ ವಿಳಾಸದ ಜೊತೆಗೆ, ಸೂಚನೆಗಳನ್ನು ಕಳಿಸಲೆಂದೇ ಇನ್ನೊಂದು ವಿಳಾಸ ಇರುತ್ತದೆ. ಕೊಂಡಿ ಕೊಟ್ಟ ತಾಣದ ತಂತ್ರಾಂಶವು ಆ ವಿಳಾಸಕ್ಕೆ, ಜಾಲಪುಟದ ಅರ್ಜಿ ನಮೂನೆಗಳನ್ನು ತುಂಬಿ ಕಳಿಸುವ ಎಚ್‌ಟಿಟಿಪಿ ಪೋಸ್ಟ್ ವಿಧಾನದಲ್ಲೇ, ನಾಲ್ಕು ಸಂಗತಿಗಳನ್ನು ಕಳಿಸುತ್ತದೆ: ಮೂಲಪುಟದ ವಿಳಾಸ, ಬರಹದ ಶೀರ್ಷಿಕೆ, ಬರಹದ ಕೆಲವು ಸಾಲುಗಳ ಸಾರ, ತಾಣದ ಹೆಸರು. ಇವುಗಳಲ್ಲಿ ಕಡ್ಡಾಯವಾದುದು ವಿಳಾಸವೊಂದೇ. ಸ್ವೀಕರಿಸಿದ ಸರ್ವರ್ ಒಂದು ಪುಟ್ಟ ಎಕ್ಸ್‌ಎಂಎಲ್ ಉತ್ತರವನ್ನು ಹಿಂದಿರುಗಿಸುತ್ತದೆ. ಅದರಲ್ಲಿ ದೋಷದ ಸಂಖ್ಯೆ 0 ಇದ್ದರೆ ಸೂಚನೆ ಸ್ವೀಕೃತವಾಯಿತೆಂದೂ 1 ಇದ್ದರೆ ತಿರಸ್ಕೃತವಾಯಿತೆಂದೂ ಅರ್ಥ. ಸೂಚನೆ ಕಳಿಸಬೇಕಾದ ವಿಳಾಸವನ್ನು ಬರಹಗಾರರು ಕೈಯಾರೆ ನಕಲಿಸಿ ಹಾಕಬೇಕಾಗುತ್ತಿತ್ತು. ಈ ತೊಂದರೆ ತಪ್ಪಿಸಲು ಗುರಿಪುಟದ ಎಚ್‌ಟಿಎಂಎಲ್‌ನಲ್ಲಿ ಆರ್‌ಡಿಎಫ್ ಎಂಬ ವಿವರಣಾ ಭಾಷೆಯ ತುಣುಕೊಂದನ್ನು ಹುದುಗಿಸಿ, ತಂತ್ರಾಂಶವೇ ವಿಳಾಸವನ್ನು ಕಂಡುಕೊಳ್ಳುವಂತೆ ಮಾಡಲಾಯಿತು.

ಈ ರಚನೆಯಲ್ಲಿ ಒಂದು ಕೊರತೆ ಮೊದಲಿನಿಂದಲೂ ಇತ್ತು. ಕಳಿಸಿದವರು ಹೇಳಿದ ವಿಳಾಸದ ಪುಟದಲ್ಲಿ ನಿಜವಾಗಿಯೂ ಕೊಂಡಿ ಇದೆಯೇ ಎಂದು ಪರಿಶೀಲಿಸುವುದು ನಿಯಮದ ಭಾಗವಾಗಿರಲಿಲ್ಲ. ಟ್ರ್ಯಾಕ್‌ಬ್ಯಾಕ್ ಒಂದು ಹೇಳಿಕೆಯಷ್ಟೇ, ಸಾಕ್ಷ್ಯವಲ್ಲ. ಅದರ ಮುಂದಿನ ಇತಿಹಾಸವೆಲ್ಲ ಈ ಒಂದು ಅಂಶದಿಂದ ನಿರ್ಧಾರವಾಯಿತು.

ಲಿಂಕ್‌ಬ್ಯಾಕಿನ ಇತರ ಬಗೆಗಳು

ಪಿಂಗ್‌ಬ್ಯಾಕ್ ಎಂಬುದು ಸ್ಟುವರ್ಟ್ ಲ್ಯಾಂಗ್ರಿಜ್ ಮತ್ತು ಇಯನ್ ಹಿಕ್ಸನ್ ಮೊದಲಾದವರು 2002ರಲ್ಲೇ ರೂಪಿಸಿದ ವಿಧಾನ. ದೂರದ ಸರ್ವರಿನಲ್ಲಿರುವ ಕ್ರಿಯೆಯೊಂದನ್ನು ಕರೆಯುವ ಎಕ್ಸ್‌ಎಂಎಲ್-ಆರ್‌ಪಿಸಿ ನಿಯಮದ ಮೂಲಕ ಇಲ್ಲಿ ಎರಡೇ ಸಂಗತಿಗಳನ್ನು, ಅಂದರೆ ಮೂಲಪುಟದ ಮತ್ತು ಗುರಿಪುಟದ ವಿಳಾಸಗಳನ್ನು, ಕಳಿಸಲಾಗುತ್ತದೆ. ಶೀರ್ಷಿಕೆ ಮತ್ತು ಸಾರವನ್ನು ಸ್ವೀಕರಿಸುವ ಸರ್ವರೇ ಮೂಲಪುಟಕ್ಕೆ ಹೋಗಿ ತೆಗೆದುಕೊಳ್ಳಬೇಕು, ಹೋದಾಗ ಅಲ್ಲಿ ಕೊಂಡಿ ಇರುವುದನ್ನೂ ಖಚಿತಪಡಿಸಿಕೊಳ್ಳಬಹುದು. ಮೂಲಪುಟ ಇಲ್ಲದಿರುವುದು, ಪುಟವಿದ್ದರೂ ಅದರಲ್ಲಿ ಕೊಂಡಿ ಇಲ್ಲದಿರುವುದು, ಅದೇ ಸೂಚನೆ ಈಗಾಗಲೇ ದಾಖಲಾಗಿರುವುದು ಮುಂತಾದ ಸ್ಥಿತಿಗಳಿಗೆ ಬೇರೆ ಬೇರೆ ದೋಷಸಂಖ್ಯೆಗಳನ್ನು ಅದರ ನಿಯಮ ಗೊತ್ತುಮಾಡಿತು. ಬರಹದಲ್ಲಿ ಕೊಂಡಿ ಹಾಕಿ ಪ್ರಕಟಿಸಿದರೆ ಸಾಕು, ಉಳಿದುದೆಲ್ಲ ತಾನಾಗಿ ನಡೆಯುತ್ತದೆ. 2003ರಲ್ಲಿ ಬಿಡುಗಡೆಯಾದ ವರ್ಡ್‌ಪ್ರೆಸ್ ತಂತ್ರಾಂಶವು ಟ್ರ್ಯಾಕ್‌ಬ್ಯಾಕ್ ಮತ್ತು ಪಿಂಗ್‌ಬ್ಯಾಕ್ ಎರಡನ್ನೂ ಅಳವಡಿಸಿಕೊಂಡದ್ದರಿಂದ ಇವೆರಡೂ ವ್ಯಾಪಕವಾಗಿ ಹರಡಿದವು.

ರೆಫ್‌ಬ್ಯಾಕ್ ಎಂಬ ಮೂರನೆಯ ಬಗೆಯಲ್ಲಿ ಮೂಲಪುಟದ ತಾಣ ಏನನ್ನೂ ಮಾಡಬೇಕಾಗಿಲ್ಲ. ಆ ಕೊಂಡಿಯಿಂದ ಮೊದಲ ಓದುಗ ಬಂದಾಗ ರೆಫರರ್ ಸಾಲಿನಲ್ಲಿ ಸಿಗುವ ವಿಳಾಸವನ್ನು ಗುರಿಯ ಸರ್ವರ್ ಹಿಡಿದಿಟ್ಟು, ಆ ಪುಟವನ್ನು ಪರಿಶೀಲಿಸಿ ದಾಖಲಿಸಿಕೊಳ್ಳುತ್ತದೆ. ಯಾರೂ ಒತ್ತದ ಕೊಂಡಿ ಹಾಗಾಗಿ ಎಂದಿಗೂ ಪತ್ತೆಯಾಗುವುದಿಲ್ಲ.

ವೆಬ್‌ಮೆನ್ಷನ್ ಇವುಗಳ ಉತ್ತರಾಧಿಕಾರಿ. ಸ್ವಂತ ತಾಣಗಳಲ್ಲೇ ಬರೆಯಬೇಕೆಂಬ ಇಂಡಿವೆಬ್ ಬಳಗದಲ್ಲಿ ಬೆಳೆದ ಈ ವಿಧಾನವನ್ನು ಆರನ್ ಪರೆಕಿ ಸಂಪಾದಿಸಿದ ರೂಪದಲ್ಲಿ ಜಾಲದ ಮಾನಕ ಸಂಸ್ಥೆಯಾದ ಡಬ್ಲ್ಯೂ3ಸಿ 2017ರ ಜನವರಿ 12ರಂದು ಅಧಿಕೃತ ಶಿಫಾರಸಾಗಿ ಪ್ರಕಟಿಸಿತು. ಟ್ರ್ಯಾಕ್‌ಬ್ಯಾಕಿನ ಹಾಗೆ ಸರಳವಾದ ಪೋಸ್ಟ್ ಕೋರಿಕೆಯನ್ನೂ ಪಿಂಗ್‌ಬ್ಯಾಕಿನ ಹಾಗೆ ಎರಡೇ ವಿಳಾಸಗಳನ್ನೂ ಅದು ಬಳಸುತ್ತದೆ, ಮೂಲಪುಟದ ಪರಿಶೀಲನೆಯನ್ನು ನಿಯಮದ ಒಳಗೇ ತರುತ್ತದೆ. ಬರಹವನ್ನು ತಿದ್ದಿದಾಗ ಅಥವಾ ಅಳಿಸಿದಾಗ ಅದೇ ಸೂಚನೆಯನ್ನು ಮತ್ತೆ ಕಳಿಸಿದರೆ ಸ್ವೀಕರಿಸಿದವರು ಪುಟವನ್ನು ಮರಳಿ ನೋಡಿ ತಮ್ಮ ದಾಖಲೆಯನ್ನು ಸರಿಪಡಿಸಿಕೊಳ್ಳುವುದು ಹಿಂದಿನ ವಿಧಾನಗಳಲ್ಲಿ ಇಲ್ಲದಿದ್ದ ಅನುಕೂಲ.

ರೆಫರಲ್ ಕೊಂಡಿಯ ಕಾರ್ಯವಿಧಾನ

ರೆಫರಲ್ ಗುರುತು ಗುರಿಯ ತಾಣವನ್ನು ತಲುಪಲು ಎರಡು ದಾರಿಗಳಿವೆ. ಮೊದಲನೆಯದು ಮೇಲೆ ಹೇಳಿದ ರೆಫರರ್ ಸಾಲು. ಅಪಾಚೆಯಂತಹ ಸರ್ವರ್ ತಂತ್ರಾಂಶಗಳು ಪ್ರತಿ ಕೋರಿಕೆಯನ್ನೂ ಲಾಗ್ ಕಡತದಲ್ಲಿ ಬರೆದಿಡುತ್ತವೆ. ಸಂಯುಕ್ತ ಲಾಗ್ ನಮೂನೆ ಎಂಬ ಪ್ರಚಲಿತ ವಿನ್ಯಾಸದಲ್ಲಿ ಕೋರಿದ ಪುಟ, ಸಮಯ, ಉತ್ತರದ ಸ್ಥಿತಿಗಳ ಜೊತೆಗೆ ರೆಫರರ್ ವಿಳಾಸವೂ ಬ್ರೌಸರಿನ ಹೆಸರೂ ದಾಖಲಾಗುತ್ತವೆ. ಎರಡನೆಯದು ಕೊಂಡಿಯ ವಿಳಾಸದಲ್ಲೇ ಗುರುತನ್ನು ಸೇರಿಸುವುದು. ವಿಳಾಸದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಹೆಸರು-ಬೆಲೆಗಳ ಜೋಡಿಗಳಿಂದ ಇದು ಆಗುತ್ತದೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು ಯುಟಿಎಂ ಗುರುತುಗಳು. ಅರ್ಚಿನ್ ಎಂಬ ಸಂಸ್ಥೆಯ ವಿಶ್ಲೇಷಣಾ ತಂತ್ರಾಂಶದಿಂದ ಬಂದ ಈ ಹೆಸರು, ಆ ಸಂಸ್ಥೆಯನ್ನು ಗೂಗಲ್ 2005ರಲ್ಲಿ ಕೊಂಡು ಗೂಗಲ್ ಅನಲಿಟಿಕ್ಸ್ ಸೇವೆಯನ್ನು ಆರಂಭಿಸಿದ ಮೇಲೆ ಎಲ್ಲೆಡೆ ರೂಢಿಯಾಯಿತು. ಕೊಂಡಿ ಎಲ್ಲಿ ಹಾಕಲ್ಪಟ್ಟಿದೆ ಎಂಬ ಮೂಲ, ಇಮೇಲ್ ಅಥವಾ ಜಾಹೀರಾತು ಎಂಬ ಮಾಧ್ಯಮ, ಯಾವ ಪ್ರಚಾರಕ್ಕೆ ಸೇರಿದ್ದು ಎಂಬ ಹೆಸರು, ಹುಡುಕುಪದ, ಒಂದೇ ಪುಟದ ಎರಡು ಕೊಂಡಿಗಳನ್ನು ಬೇರ್ಪಡಿಸುವ ವಿವರ ಎಂದು ಇವು ಐದು. ರೆಫರರ್ ಸಾಲನ್ನು ಬ್ರೌಸರ್ ತಾನೇ ಬರೆಯುತ್ತದೆ. ಯುಟಿಎಂ ಗುರುತನ್ನು ಕೊಂಡಿ ತಯಾರಿಸಿದವರು ಮುಂಚೆಯೇ ಬರೆದಿಟ್ಟಿರುತ್ತಾರೆ. ಹೀಗಾಗಿ ಇಮೇಲ್‌ಗೆಂದು ಮಾಡಿದ ಕೊಂಡಿಯನ್ನು ಓದುಗರು ನಕಲಿಸಿ ಬೇರೆಡೆ ಹಂಚಿದರೆ, ಅಲ್ಲಿಂದ ಬಂದವರೂ ಇಮೇಲ್‌ನಿಂದ ಬಂದವರೆಂದೇ ಲೆಕ್ಕಕ್ಕೆ ಸೇರುತ್ತಾರೆ.

ವಿಶ್ಲೇಷಣಾ ಸೇವೆಗಳು ಈ ಗುರುತುಗಳನ್ನು ನೋಡಿ ಭೇಟಿಗಳನ್ನು ವಿಂಗಡಿಸುತ್ತವೆ. ಹುಡುಕುಯಂತ್ರದಿಂದ ಬಂದವು, ಸಾಮಾಜಿಕ ಮಾಧ್ಯಮದಿಂದ ಬಂದವು, ಬೇರೆ ತಾಣಗಳ ಕೊಂಡಿಯಿಂದ ಬಂದ ರೆಫರಲ್ ಭೇಟಿಗಳು, ನೇರ ಭೇಟಿಗಳು ಎಂಬಂತೆ ಈ ವಿಂಗಡಣೆ ಇರುತ್ತದೆ. ವಿಳಾಸವನ್ನು ಟೈಪ್ ಮಾಡಿ ಬಂದವರು ಮಾತ್ರ ನೇರ ಭೇಟಿಯವರೆಂದು ತಿಳಿಯಬಾರದು. ಮೂಲ ಪತ್ತೆಯಾಗದ ಎಲ್ಲ ಭೇಟಿಗಳೂ ಅಲ್ಲಿಗೇ ಬಂದು ಬೀಳುತ್ತವೆ. ವಾಟ್ಸಾಪ್‌ನಂತಹ ಸಂದೇಶ ಆ್ಯಪ್‌ಗಳಲ್ಲಿ, ಇಮೇಲ್ ತಂತ್ರಾಂಶಗಳಲ್ಲಿ, ಪಿಡಿಎಫ್ ಕಡತಗಳಲ್ಲಿ ಇರುವ ಕೊಂಡಿಯನ್ನು ಒತ್ತಿದಾಗ ಸಾಮಾನ್ಯವಾಗಿ ರೆಫರರ್ ಇರುವುದಿಲ್ಲ. ಖಾಸಗಿ ಹಂಚಿಕೆಯಿಂದ ಬರುವ ಈ ಕಾಣದ ಹರಿವಿಗೆ ಪತ್ರಕರ್ತ ಅಲೆಕ್ಸಿಸ್ ಮ್ಯಾಡ್ರಿಗಲ್ 2012ರಲ್ಲಿ ಡಾರ್ಕ್ ಸೋಷಿಯಲ್ ಎಂಬ ಹೆಸರಿಟ್ಟರು. ಇದಕ್ಕೆ ವಿರುದ್ಧವಾದ ದೋಷವೂ ಉಂಟು: ಅಂಗಡಿ ತಾಣವೊಂದರ ಗ್ರಾಹಕ ಹಣ ಕಟ್ಟಲು ಪೇಮೆಂಟ್ ಗೇಟ್‌ವೇ ಪುಟಕ್ಕೆ ಹೋಗಿ ಮರಳಿದಾಗ, ಆ ಗೇಟ್‌ವೇಯೇ ಅವನನ್ನು ಕಳಿಸಿಕೊಟ್ಟಿತೆಂದು ಲೆಕ್ಕವಾಗುವುದುಂಟು, ಇಂತಹ ತಾಣಗಳನ್ನು ಹೊರಗಿಡುವ ಪಟ್ಟಿಯನ್ನು ವಿಶ್ಲೇಷಣಾ ಸೇವೆಯಲ್ಲಿ ಮೊದಲೇ ನಮೂದಿಸಬೇಕಾಗುತ್ತದೆ. ಸಾಮಾಜಿಕ ಮಾಧ್ಯಮಗಳು ಹೊರಹೋಗುವ ಕೊಂಡಿಗಳನ್ನು ತಮ್ಮದೇ ಮಧ್ಯವರ್ತಿ ವಿಳಾಸದ ಮೂಲಕ ಹಾಯಿಸುವುದರಿಂದ, ಯಾವ ಮಾಧ್ಯಮದಿಂದ ಬಂದದ್ದು ಎಂಬುದು ತಿಳಿದರೂ ಯಾರ ಯಾವ ಬರಹದಿಂದ ಎಂಬುದು ತಿಳಿಯುವುದಿಲ್ಲ.

ಅಫಿಲಿಯೇಟ್ ಕೊಂಡಿಗಳು

ಕೊಂಡಿಯಿಂದ ಬಂದ ಗ್ರಾಹಕ ಖರೀದಿ ಮಾಡಿದರೆ ಕೊಂಡಿ ಕೊಟ್ಟವರಿಗೆ ಕಮಿಷನ್ ಸಲ್ಲುವ ರೆಫರಲ್ ಕೊಂಡಿಗೆ ಅಫಿಲಿಯೇಟ್ ಕೊಂಡಿ ಎಂದು ಹೆಸರು. 1996ರಲ್ಲಿ ಆರಂಭವಾದ ಅಮೆಜಾನ್ ಅಸೋಸಿಯೇಟ್ಸ್ ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಕೊಂಡಿಯ ವಿಳಾಸದಲ್ಲಿ ಪ್ರತಿ ಸದಸ್ಯರಿಗೂ ಪ್ರತ್ಯೇಕವಾದ ಗುರುತು ಇರುತ್ತದೆ. ಓದುಗ ಅದನ್ನು ಒತ್ತಿದಾಗ ಅಂಗಡಿ ತಾಣವು ಅವನ ಬ್ರೌಸರಿನಲ್ಲಿ ಕುಕಿ ಎಂಬ ಪುಟ್ಟ ದಾಖಲೆಯನ್ನು ಇರಿಸಿ, ನಿಗದಿತ ಅವಧಿಯೊಳಗೆ ಆದ ಖರೀದಿಯನ್ನು ಆ ಸದಸ್ಯರ ಹೆಸರಿಗೆ ಬರೆದುಕೊಳ್ಳುತ್ತದೆ. ಹಣದ ಸಂಬಂಧವಿರುವ ಇಂತಹ ಶಿಫಾರಸನ್ನು ಓದುಗರಿಗೆ ಬಹಿರಂಗಪಡಿಸಬೇಕೆಂಬ ನಿಯಮಗಳು ಹಲವು ದೇಶಗಳಲ್ಲಿವೆ. ಭಾರತದಲ್ಲಿ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿಯೂ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿಯೂ ಈ ಬಗ್ಗೆ ಮಾರ್ಗಸೂಚಿಗಳನ್ನು ಹೊರಡಿಸಿವೆ.

ಹುಡುಕುಯಂತ್ರಗಳು ಮತ್ತು ಕೊಂಡಿಯ ಬೆಲೆ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ರೂಪಿಸಿದ ಪೇಜ್‌ರ‍್ಯಾಂಕ್, ಒಂದು ಪುಟಕ್ಕೆ ಬಂದ ಕೊಂಡಿಗಳನ್ನೂ ಆ ಕೊಂಡಿ ಕೊಟ್ಟ ಪುಟಗಳ ಮಹತ್ವವನ್ನೂ ಆಧರಿಸಿ ಆ ಪುಟದ ಸ್ಥಾನವನ್ನು ನಿರ್ಣಯಿಸುವ ವಿಧಾನ. ಗೂಗಲ್ ಹುಡುಕುಯಂತ್ರ ಇದರ ಮೇಲೆ ನಿಂತ ಮೇಲೆ ಕೊಂಡಿಗೆ, ಅದನ್ನು ಯಾರೂ ಒತ್ತದಿದ್ದರೂ, ಮಾರುಕಟ್ಟೆಯ ಬೆಲೆ ಬಂತು. ಟ್ರ್ಯಾಕ್‌ಬ್ಯಾಕ್ ಸ್ವೀಕರಿಸಿದ ತಾಣವು ಮೂಲಪುಟಕ್ಕೆ ಮರುಕೊಂಡಿಯನ್ನು ತಾನಾಗಿ ತೋರಿಸುತ್ತಿದ್ದುದರಿಂದ, ಸುಳ್ಳು ಟ್ರ್ಯಾಕ್‌ಬ್ಯಾಕ್ ಕಳಿಸಿದವರಿಗೆ ಪುಕ್ಕಟೆಯಾಗಿ ಒಂದು ಬ್ಯಾಕ್‌ಲಿಂಕ್ ದಕ್ಕುತ್ತಿತ್ತು. ಜೂಜು, ಔಷಧ, ಸಾಲದ ತಾಣಗಳ ಸೂಚನೆಗಳು ಯಂತ್ರಗಳ ಮೂಲಕ ಲೆಕ್ಕವಿಲ್ಲದಷ್ಟು ಬರತೊಡಗಿದವು.

ಇದನ್ನು ತಡೆಯಲು 2005ರ ಜನವರಿಯಲ್ಲಿ ಗೂಗಲ್, ಯಾಹೂ ಮತ್ತು ಎಂಎಸ್‌ಎನ್ ಹುಡುಕುಯಂತ್ರಗಳು ನೋಫಾಲೋ ಎಂಬ ಗುರುತನ್ನು ಒಪ್ಪಿಕೊಂಡವು. ಈ ಗುರುತಿರುವ ಕೊಂಡಿಯನ್ನು ಶ್ರೇಣಿಯ ಲೆಕ್ಕದಲ್ಲಿ ಪರಿಗಣಿಸುವುದಿಲ್ಲವೆಂಬುದು ಒಪ್ಪಂದ. 2019ರ ಸೆಪ್ಟೆಂಬರಿನಲ್ಲಿ ಗೂಗಲ್ ಹಣಕ್ಕಾಗಿ ಹಾಕಿದ ಕೊಂಡಿಗೆ ಒಂದು, ಓದುಗರು ಹಾಕಿದ ಕೊಂಡಿಗೆ ಒಂದು ಎಂದು ಇನ್ನೂ ಎರಡು ಗುರುತುಗಳನ್ನು ಸೇರಿಸಿ, ಇವೆಲ್ಲವನ್ನೂ ಕಟ್ಟುನಿಟ್ಟಿನ ಆಜ್ಞೆಯಾಗಿ ನೋಡದೆ ಸುಳಿವಾಗಿ ನೋಡುವುದಾಗಿ ತಿಳಿಸಿತು. 2012ರ ಏಪ್ರಿಲಿನಲ್ಲಿ ಬಂದ ಪೆಂಗ್ವಿನ್ ಎಂಬ ಮಾರ್ಪಾಡು ಕೃತಕವಾಗಿ ಕೊಂಡಿ ಕೂಡಿಸಿಕೊಂಡ ತಾಣಗಳ ಶ್ರೇಣಿಯನ್ನು ಇಳಿಸಿತು. ಕೊಂಡಿಗಳನ್ನು ಕೊಂಡು ಸಂದರ್ಶಕರನ್ನು ಹೆಚ್ಚಿಸಿಕೊಳ್ಳುವ ಪ್ರಯತ್ನ ಆ ನಂತರ ಲಾಭಕ್ಕಿಂತ ಹೆಚ್ಚು ಅಪಾಯದ ವಿಷಯವಾಯಿತು.

ದುರ್ಬಳಕೆ

ಟ್ರ್ಯಾಕ್‌ಬ್ಯಾಕ್ ಸ್ಪ್ಯಾಮ್ ತಡೆಯಲು ಅಕಿಸ್ಮೆಟ್‌ನಂತಹ ಶೋಧಕ ಸೇವೆಗಳು 2005ರಿಂದ ಬಳಕೆಗೆ ಬಂದವು. ಟ್ರ್ಯಾಕ್‌ಬ್ಯಾಕನ್ನು ಅಂತರಜಾಲದ ಮಾನಕವಾಗಿ ಬಲಪಡಿಸಲು ಸಿಕ್ಸ್ ಅಪಾರ್ಟ್ 2006ರಲ್ಲಿ ಒಂದು ಕಾರ್ಯತಂಡವನ್ನು ರಚಿಸಿತಾದರೂ, ಅಷ್ಟರಲ್ಲಿ ಬಹುತೇಕ ಬರಹಗಾರರು ಆ ಸೌಲಭ್ಯವನ್ನೇ ಮುಚ್ಚತೊಡಗಿದ್ದರು.

ಪಿಂಗ್‌ಬ್ಯಾಕಿನಲ್ಲಿದ್ದ ಪರಿಶೀಲನೆ ಇನ್ನೊಂದು ಬಗೆಯ ದಾಳಿಗೆ ದಾರಿಯಾಯಿತು. ದಾಳಿಕೋರನು ತಾನು ಕೆಡವಬೇಕೆಂದಿರುವ ತಾಣದ ವಿಳಾಸವನ್ನು ಮೂಲಪುಟವೆಂದು ಹೇಳಿ ಸಾವಿರಾರು ವರ್ಡ್‌ಪ್ರೆಸ್ ತಾಣಗಳಿಗೆ ಸೂಚನೆ ಕಳಿಸಿದರೆ, ಅವೆಲ್ಲವೂ ಕೊಂಡಿಯನ್ನು ಪರಿಶೀಲಿಸಲು ಏಕಕಾಲಕ್ಕೆ ಆ ತಾಣಕ್ಕೆ ನುಗ್ಗುತ್ತವೆ. 2014ರ ಮಾರ್ಚ್‌ನಲ್ಲಿ ಭದ್ರತಾ ಸಂಸ್ಥೆಯಾದ ಸುಕುರಿ, 1,62,000ಕ್ಕೂ ಹೆಚ್ಚು ವರ್ಡ್‌ಪ್ರೆಸ್ ತಾಣಗಳು ಅವುಗಳ ಒಡೆಯರಿಗೆ ಅರಿವಿಲ್ಲದಂತೆ ಇಂತಹ ಒಂದು ದಾಳಿಯಲ್ಲಿ ಬಳಕೆಯಾದುದನ್ನು ವರದಿ ಮಾಡಿತು.

ರೆಫರರ್ ಸಾಲನ್ನೂ ಸುಳ್ಳಾಗಿಸಬಹುದು. ಯಂತ್ರವೊಂದು ತನಗೆ ಬೇಕಾದ ವಿಳಾಸವನ್ನು ಆ ಸಾಲಿನಲ್ಲಿ ಬರೆದು ಕೋರಿಕೆ ಕಳಿಸಿದರೆ, ಲಾಗ್ ನೋಡುವ ಒಡೆಯ ಕುತೂಹಲದಿಂದ ಆ ವಿಳಾಸವನ್ನು ತೆರೆಯುತ್ತಾನೆ. ಕೆಲವು ಸಂದರ್ಭಗಳಲ್ಲಿ ಯಂತ್ರವು ತಾಣಕ್ಕೆ ಬಾರದೆಯೇ ವಿಶ್ಲೇಷಣಾ ಸೇವೆಗೆ ನೇರವಾಗಿ ಸುಳ್ಳು ಭೇಟಿಗಳನ್ನು ಕಳಿಸುತ್ತದೆ; ಇವು ಸರ್ವರಿನ ಲಾಗ್ ಕಡತದಲ್ಲಿ ಇರುವುದೇ ಇಲ್ಲ. ವಿಶ್ಲೇಷಣಾ ವರದಿಯಲ್ಲಿ ಅಪರಿಚಿತ ತಾಣವೊಂದು ಇದ್ದಕ್ಕಿದ್ದಂತೆ ಮೇಲೇರಿದಾಗ ಲಾಗ್ ಕಡತದೊಂದಿಗೆ ಹೋಲಿಸಿ ನೋಡುವುದು ಅಗತ್ಯವಾಗುವುದು ಇದರಿಂದಲೇ.

ಖಾಸಗಿತನ

ರೆಫರರ್ ಸಾಲು ಓದುಗನ ಹಿಂದಿನ ಪುಟವನ್ನು ಅವನ ಗಮನಕ್ಕೆ ಬಾರದಂತೆ ಬೇರೆಯವರಿಗೆ ತಿಳಿಸುತ್ತದೆ. ಆಸ್ಪತ್ರೆಯ ಪುಟ, ಗುಪ್ತಪದ ಬದಲಿಸುವ ಪುಟ, ಹುಡುಕಿದ ಪದಗಳಿರುವ ವಿಳಾಸ ಹೀಗೆ ಸೋರಿಹೋಗಬಹುದು. ಸುರಕ್ಷಿತವಾದ ಎಚ್‌ಟಿಟಿಪಿಎಸ್ ಪುಟದಿಂದ ಸಾಮಾನ್ಯ ಎಚ್‌ಟಿಟಿಪಿ ಪುಟಕ್ಕೆ ಹೋಗುವಾಗ ರೆಫರರ್ ಕಳಿಸಬಾರದೆಂಬ ನಿಯಮ ಹಿಂದಿನಿಂದಲೂ ಇತ್ತು. 2011ರಿಂದ ಗೂಗಲ್ ತನ್ನ ಹುಡುಕಾಟವನ್ನು ಹಂತಹಂತವಾಗಿ ಗೂಢಲಿಪಿಗೆ ಒಳಪಡಿಸಿದ ಮೇಲೆ, ಯಾವ ಪದ ಹುಡುಕಿ ಓದುಗ ಬಂದನೆಂಬ ಮಾಹಿತಿ ತಾಣಗಳಿಗೆ ಸಿಗುವುದು ಬಹುಮಟ್ಟಿಗೆ ನಿಂತಿತು. ಯಾವ ಸಂದರ್ಭದಲ್ಲಿ ಎಷ್ಟು ತಿಳಿಸಬೇಕೆಂಬುದನ್ನು ತಾಣಗಳೇ ಗೊತ್ತುಮಾಡುವ ರೆಫರರ್ ಪಾಲಿಸಿ ಎಂಬ ಏರ್ಪಾಡು ಆಮೇಲೆ ಬಂತು. 2020ರಲ್ಲಿ ಕ್ರೋಮ್ ಮತ್ತು 2021ರಲ್ಲಿ ಫೈರ್‌ಫಾಕ್ಸ್, ಬೇರೆ ತಾಣಕ್ಕೆ ಹೋಗುವಾಗ ಪೂರ್ತಿ ವಿಳಾಸದ ಬದಲು ತಾಣದ ಹೆಸರನ್ನಷ್ಟೇ ಕಳಿಸುವುದನ್ನು ವಾಡಿಕೆಯ ಕ್ರಮವಾಗಿಸಿದವು. ಪುಟದ ಮಟ್ಟದ ವಿವರ ಇದರಿಂದ ಮರೆಯಾಯಿತು, ಜೊತೆಗೆ ರೆಫರಲ್ ದಾಖಲೆಯ ಮೇಲೆ ನಿಂತಿದ್ದ ರೆಫ್‌ಬ್ಯಾಕ್ ವಿಧಾನವೂ ಹೆಚ್ಚುಕಡಿಮೆ ನಿಷ್ಪ್ರಯೋಜಕವಾಯಿತು.

ಕನ್ನಡ ಜಾಲತಾಣಗಳಲ್ಲಿ

ಕನ್ನಡದ ಬ್ಲಾಗುಗಳು ಹೆಚ್ಚಾಗಿ ಬ್ಲಾಗ್‌ಸ್ಪಾಟ್ ಮತ್ತು ವರ್ಡ್‌ಪ್ರೆಸ್‌ಗಳಲ್ಲಿ ಬೆಳೆದವು. ಬ್ಲಾಗ್‌ಸ್ಪಾಟ್‌ನಲ್ಲಿ ಟ್ರ್ಯಾಕ್‌ಬ್ಯಾಕ್ ಸ್ವೀಕರಿಸುವ ಸೌಲಭ್ಯ ಇರಲಿಲ್ಲವಾದ್ದರಿಂದ ಈ ಎರಡು ನೆಲೆಗಳ ಬರಹಗಾರರ ನಡುವೆ ಸೂಚನೆಗಳ ವಿನಿಮಯ ಸರಾಗವಾಗಿ ನಡೆಯುವಂತಿರಲಿಲ್ಲ. ಕನ್ನಡಕ್ಕೆ ವಿಶೇಷವಾದ ಇನ್ನೊಂದು ತೊಡಕು ಲಿಪಿಗೆ ಸಂಬಂಧಿಸಿದ್ದು. ಜಾಲವಿಳಾಸದಲ್ಲಿ ಕನ್ನಡ ಅಕ್ಷರ ಬಂದಾಗ ಅದನ್ನು ಶೇಕಡಾ ಚಿಹ್ನೆಯುಳ್ಳ ಸಂಕೇತಗಳಾಗಿ ಬದಲಿಸಲಾಗುತ್ತದೆ. ಯೂನಿಕೋಡ್‌ನಲ್ಲಿ ‘ಕನ್ನಡ’ ಎಂಬ ಪದಕ್ಕೆ ಒತ್ತಕ್ಷರದ ಹಲಂತವೂ ಸೇರಿ ಐದು ಘಟಕಗಳು. ಪ್ರತಿ ಘಟಕಕ್ಕೆ ಮೂರು ಬೈಟ್, ಪ್ರತಿ ಬೈಟ್‌ಗೆ ಮೂರು ಚಿಹ್ನೆ, ಒಟ್ಟು 45 ಚಿಹ್ನೆಗಳು. ವರ್ಡ್‌ಪ್ರೆಸ್ ಬರಹದ ವಿಳಾಸದ ಭಾಗಕ್ಕೆ 200 ಚಿಹ್ನೆಗಳ ಮಿತಿ ಇಟ್ಟಿರುವುದರಿಂದ, ಸುಮಾರು 22 ಘಟಕಗಳಿಗಿಂತ ಉದ್ದವಾದ ಕನ್ನಡ ಶೀರ್ಷಿಕೆ ವಿಳಾಸದಲ್ಲಿ ಅರ್ಧಕ್ಕೇ ತುಂಡಾಗುತ್ತದೆ. ಇಂತಹ ವಿಳಾಸವನ್ನು ಲಾಗ್ ಕಡತದಲ್ಲಿ ಕಣ್ಣಿನಿಂದ ಓದುವುದು ಸಾಧ್ಯವಿಲ್ಲ. ಸಂಕೇತ ಬಿಡಿಸುವ ತಂತ್ರಾಂಶ ಬೇಕು. ಸಂದೇಶಗಳಲ್ಲಿ ನಕಲಿಸುವಾಗ ಉದ್ದದ ವಿಳಾಸ ಮುರಿದು ಓದುಗರು ದೋಷಪುಟಕ್ಕೆ ಬಂದು ನಿಲ್ಲುವುದೂ ಉಂಟು. ಈ ಕಾರಣಗಳಿಂದ ಹಲವು ಕನ್ನಡ ತಾಣಗಳು ಶೀರ್ಷಿಕೆಯನ್ನು ಕನ್ನಡದಲ್ಲಿಟ್ಟು ವಿಳಾಸವನ್ನು ರೋಮನ್ ಲಿಪಿಯಲ್ಲಿಡುತ್ತವೆ.

ಇಂದಿನ ಸ್ಥಿತಿ

ಟ್ರ್ಯಾಕ್‌ಬ್ಯಾಕ್ ಬಳಕೆ ಈಗ ನಾಮಮಾತ್ರದ್ದು. ವರ್ಡ್‌ಪ್ರೆಸ್‌ನಲ್ಲಿ ಆ ಸೌಲಭ್ಯ ಉಳಿದಿದ್ದರೂ ಅನೇಕ ತಾಣಗಳು ಅದನ್ನು ಮುಚ್ಚಿಟ್ಟಿವೆ. ವೆಬ್‌ಮೆನ್ಷನ್ ಸ್ವಂತ ತಾಣ ನಡೆಸುವವರ ಚಿಕ್ಕ ಬಳಗದಲ್ಲಿ ಜೀವಂತವಾಗಿದೆ. ತನ್ನ ಪುಟಕ್ಕೆ ಬಂದ ಬ್ಯಾಕ್‌ಲಿಂಕ್‌ಗಳನ್ನು ತಿಳಿಯಬೇಕಾದ ಒಡೆಯರು ಈಗ ಹೆಚ್ಚಾಗಿ ಗೂಗಲ್ ಸರ್ಚ್ ಕನ್ಸೋಲ್‌ನಂತಹ ಸೇವೆಗಳು ಕೊಡುವ ಪಟ್ಟಿಯನ್ನು ಅವಲಂಬಿಸುತ್ತಾರೆ. ಗೂಗಲ್ ಅನಲಿಟಿಕ್ಸ್‌ನ ಹಳೆಯ ರೂಪವಾದ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ರಿಂದ ಹೊಸ ಮಾಹಿತಿ ದಾಖಲಿಸುವುದನ್ನು ನಿಲ್ಲಿಸಿದ್ದು, ಅದರ ನಾಲ್ಕನೇ ಆವೃತ್ತಿ ಬಳಕೆಯಲ್ಲಿದೆ.

ಕೊಂಡಿಯಲ್ಲಿ ಸೇರಿಸುವ ಗುರುತುಗಳ ಮೇಲೂ ಬ್ರೌಸರುಗಳು ಮಿತಿ ಹೇರತೊಡಗಿವೆ. ಫೈರ್‌ಫಾಕ್ಸ್ 2022ರಲ್ಲಿ, ಸಫಾರಿ 2023ರಲ್ಲಿ, ವ್ಯಕ್ತಿಯನ್ನು ಹಿಂಬಾಲಿಸಲು ಬಳಸುವ ಕೆಲವು ಗುರುತುಗಳನ್ನು ವಿಳಾಸದಿಂದ ತೆಗೆದುಹಾಕುವ ಸೌಲಭ್ಯವನ್ನು ಸೇರಿಸಿದವು. ಒಬ್ಬ ವ್ಯಕ್ತಿಯನ್ನು ಗುರುತಿಸದ ಯುಟಿಎಂ ಗುರುತುಗಳು ಸಾಮಾನ್ಯವಾಗಿ ಇದರಿಂದ ಪಾರಾಗುತ್ತವೆ. ಕೃತಕ ಬುದ್ಧಿಮತ್ತೆಯ ಸಂಭಾಷಣಾ ಸೇವೆಗಳು ರೆಫರಲ್ ಭೇಟಿಯ ಹೊಸ ಮೂಲವಾಗಿವೆ. ಚಾಟ್‌ಜಿಪಿಟಿ ತನ್ನ ಉತ್ತರಗಳಲ್ಲಿ ಕೊಡುವ ಕೊಂಡಿಗಳಿಗೆ ತನ್ನ ಹೆಸರಿನ ಯುಟಿಎಂ ಗುರುತನ್ನು ಸೇರಿಸುವುದರಿಂದ, ಅಲ್ಲಿಂದ ಬಂದ ಓದುಗರನ್ನು ರೆಫರರ್ ಸಾಲು ಇಲ್ಲದಿದ್ದಾಗಲೂ ಎಣಿಸಬಹುದು. ಆದರೆ ಉತ್ತರವನ್ನು ಓದಿ ಕೊಂಡಿಯನ್ನು ಒತ್ತದೆ ಬಿಟ್ಟವರ ದಾಖಲೆ ಗುರಿಯ ತಾಣದಲ್ಲಿ ಉಳಿಯುವುದಿಲ್ಲ.